ಹೊಗೆಯ ತೂಕ

ಇಲ್ಲಿ ಉಸಿರು ಬಿಗಿಹಿಡಿದೇ ತೂಗಬೇಕು.
ಗಾಜಿನ ಗೂಡಿನ ಬಾಗಿಲು ಸರಿಸಿ, ಸೊನ್ನೆ ಬರುವವರೆಗೆ ಕಾದು,
ಚಿಮಟದಲ್ಲಿ ಹಿಡಿದ ಬಿಳಿ ಫಿಲ್ಟರ್ ಹಾಳೆಯನ್ನು
ನಿದ್ದೆಗಣ್ಣಿನ ಕೂಸಿನಂತೆ ಮಲಗಿಸಬೇಕು.
ಇಪ್ಪತ್ತೆರಡು ವರ್ಷದಿಂದ ತೋಳಹುಣಸೆಯ ಈ ಲ್ಯಾಬಿನಲ್ಲಿ
ನನ್ನ ಕೆಲಸ ಇಷ್ಟೇ: ತೊಳೆಯುವುದು, ಒರೆಸುವುದು, ತೂಗುವುದು.
ಪದವಿ ಇಲ್ಲ. ಕೀಲಿಕೈ ಇದೆ.

ಗೇಟಿನ ಬಳಿ ಹೊಸ ಬೋರ್ಡು ಬಂತು, ಹದಿನೇಳು ಬಣ್ಣದ ಚೌಕ,
ಹದಿನೇಳು ಗುರಿ, ಇಡೀ ಜಗತ್ತಿನವಂತೆ.
ರಿಬ್ಬನ್ ಕತ್ತರಿಸಿದ ಸಂಜೆ
ಹುಲ್ಲಿನಿಂದ ನೀರಿನ ಬಾಟಲಿ ಆಯ್ದವನು ನಾನು. ಮುನ್ನೂರ ಹನ್ನೊಂದು.
ಯಾರೂ ಕೇಳಲಿಲ್ಲ, ಆದರೂ
ರಿಜಿಸ್ಟರಿನ ಕೊನೇ ಪುಟದಲ್ಲಿ ಬರೆದಿಟ್ಟೆ.

ಮುಬೀನಾ ಬಂದದ್ದು ಅದೇ ವರ್ಷ.
ಪ್ರಾಜೆಕ್ಟಿಗೆ ಎಲ್ಲರೂ ಕೆರೆ ನೀರು ಆರಿಸಿಕೊಂಡರು,
ಕುಂದವಾಡ, ಸೂಳೆಕೆರೆ,
ಬುತ್ತಿ ಕಟ್ಟಿಕೊಂಡು ಹೋಗಿಬರಬಹುದಲ್ಲ.
ಇವಳು ಮಂಡಕ್ಕಿ ಭಟ್ಟಿ ಅಂದಳು.
'ಯಾವ ಭಟ್ಟಿ?' ಕೇಳಿದರು ಗಿರಿಜಾಂಬ ಮೇಡಂ.
'ನಮ್ಮಪ್ಪ ಕೆಲಸ ಮಾಡೋದು.'

ಬೆಳ್ಳಗೆ ಹೋದ ಹಾಳೆ ಊಟದ ಡಬ್ಬಿಯಲ್ಲಿ ಮರಳಿ ಬಂತು,
ಸೀದ ರೊಟ್ಟಿಯ ಬೆನ್ನಿನಂತೆ.
ಮುಚ್ಚಳ ತೆರೆದರೆ ಹಳೇ ಟೈರಿನ ವಾಸನೆ.
ಯಾವುದೋ ಲಾರಿಯ ಕೆಳಗೆ ಊರೂರು ಸುತ್ತಿ ಸವೆದದ್ದು
ಕೊನೆಗೆ ಒಲೆಗೆ ಬಿದ್ದು ಅಕ್ಕಿ ಅರಳಿಸಿದ ವಾಸನೆ.
ತೂಗಿದೆ. ಮೊದಲಿನದನ್ನು ಕಳೆದೆ.
ಉಳಿದದ್ದು ಹನ್ನೆರಡು ಮಿಲಿಗ್ರಾಂ,
ಒಂದು ಮಂಡಕ್ಕಿ ಕಾಳಿನಷ್ಟೂ ಇಲ್ಲ.
'ಇಷ್ಟೇನಾ?' ಅಂದೆ.
'ಇದು ಎಂಟು ತಾಸಿಂದು, ಹಾಲೇಶಣ್ಣ.
ನಮ್ಮ ದಾದಿ ಅಲ್ಲೇ ಎಪ್ಪತ್ತು ವರ್ಷ ಅದಾಳೆ.'

ಆ ಸಂಜೆ ಮನೆಯಲ್ಲಿ ಮಂಡಕ್ಕಿ, ಬಿಸಿ ಮೆಣಸಿನಕಾಯಿ.
ಒಂದು ಕಾಳನ್ನು ಅಂಗೈಯಲ್ಲಿಟ್ಟು ಬಹಳ ಹೊತ್ತು ನೋಡಿದೆ.
ತಿಂದೆ. ಇನ್ನೇನು ಮಾಡಲಿ.

ಸಭೆಯಲ್ಲಿ ಒಬ್ಬರೆಂದರು: ವರದಿ ಕಳಿಸಿ, ಮುಚ್ಚಿಸಿಬಿಡಲಿ.
ಚಹಾ ಕೊಡುತ್ತಿದ್ದ ನನಗೆ ಮೇಡಂ ದನಿ ಕೇಳಿತು:
'ಮುಚ್ಚಿಸೋಕೆ ಯೂನಿವರ್ಸಿಟಿ ಯಾಕೆ ಬೇಕು? ಒಂದು ಬೀಗ ಸಾಕು.'

ಸೈಕಲ್ ಸ್ಟ್ಯಾಂಡಿನ ಹಿಂದೆ ಇಂಜಿನಿಯರಿಂಗ್ ಹುಡುಗರು
ಭತ್ತದ ಹೊಟ್ಟಿನಿಂದ ಉರಿಯುವ ಒಲೆ ಕಟ್ಟಿದರು.
ಮೊದಲ ಘಾಣ ಕರಕಲು.
ಎರಡನೆಯದು ಹಲ್ಲಿಗೆ ಕಲ್ಲು.
ಮೂರನೆಯದಕ್ಕೆ ಒಲೆಯೇ ಬಿರಿಯಿತು, ನಾನು ಮರಳು ಗುಡಿಸಿದೆ.
ಆಮೇಲೆ ಮುಬೀನಾ ಅಪ್ಪನನ್ನು ಕರೆತಂದಳು.

ದಸ್ತಗೀರ್ ಸಾಬರು ಚಪ್ಪಲಿ ಹೊರಗೆ ಬಿಟ್ಟು ಬಂದರು,
ಶೆಡ್ಡಿಗೆ ಯಾರೂ ಹಾಗೆ ಬರುವುದಿಲ್ಲ.
ಹುಡುಗರು ಉಷ್ಣಮಾಪಕ ಓದಿ 'ಆಯ್ತು' ಅಂದರು.
ಅವರು ನಾಲ್ಕು ಕಾಳು ಮರಳಿಗೆಸೆದು ಕಿವಿ ಕೊಟ್ಟರು.
'ಮರಳು ಇನ್ನೂ ಮಾತಾಡಿಲ್ಲ. ಒಂದು ಉಸಿರು ತಡೀರಿ.'
ಒಂದು ಉಸಿರೆಂದರೆ ಎಷ್ಟು ಸೆಕೆಂಡು ಸರ್?
ಅವರು ಉಸಿರೆಳೆದರು, ಕೆಮ್ಮು ಬಂತು.
ಮತ್ತೆ ಎಳೆದರು. ಹುಡುಗ ಗಡಿಯಾರ ನೋಡಿ ಬರೆದುಕೊಂಡ: ನಾಲ್ಕು.
ಆಮೇಲೆ ಅಕ್ಕಿ ಅರಳಿತು,
ತಗಡಿನ ಮೇಲೆ ಮೊದಲ ಮಳೆ ಬಿದ್ದ ಹಾಗೆ.

ಈಗ ಅವಳ ಓಣಿಯಲ್ಲಿ ಮೂರು ಒಲೆ ಹೊಸವು.
ಉಳಿದವು ಎಷ್ಟೋ, ಹಳೆಯವೇ.
ಹೊಗೆ ಇಲ್ಲದ ಮಂಡಕ್ಕಿ ಸಪ್ಪೆ ಅಂತಾಳಂತೆ ದಾದಿ,
ಆದರೂ ಒಗೆದ ಬಿಳಿ ದುಪಟ್ಟಾ ಮಾಳಿಗೆಗೆ ಒಣಹಾಕುತ್ತಾಳಂತೆ.
ದಿಲ್ಲಿಯಿಂದ ಬಂದ ತಂಡ ಹದಿನೇಳು ಚೌಕದ ಮುಂದೆ ಫೋಟೋ ತೆಗೆಸಿಕೊಂಡಿತು.
ಸೈಕಲ್ ಸ್ಟ್ಯಾಂಡಿನ ಹಿಂದಕ್ಕೆ ಹೋಗಲಿಲ್ಲ, ಬಿಸಿಲಿತ್ತು.

ಇವತ್ತಿನ ಹಾಳೆ ಬಂದಿದೆ, ಅದೇ ಡಬ್ಬಿಯಲ್ಲಿ.
ಕಪ್ಪಲ್ಲ, ಬಿಳಿಯೂ ಅಲ್ಲ, ಪಾರಿವಾಳದ ಕತ್ತಿನ ಬಣ್ಣ.
ಬಾಗಿಲು ಸರಿಸಿದೆ. ಮುಬೀನಾ ಪಕ್ಕದಲ್ಲಿ ನಿಂತಿದ್ದಾಳೆ,
ಅವಳೂ ಉಸಿರು ಹಿಡಿದಿದ್ದಾಳೆ.
ಅಂಕಿ ಇನ್ನೂ ನಿಂತಿಲ್ಲ.